ಅಂಟು ನಾನು ಹಾಕಿಲ್ಲ

ಎದೆ ಗಟ್ಟಿ ಮಾಡಿಕೊಂಡು ಕೂತುಕೊಳ್ಳಿ. ಈ ವಾರ ನಮ್ಮ ಪತ್ತೆ ಅಕ್ಕ ಅಪರಾಧಿಯ ಮುಖವಾಡ ಕಿತ್ತು ಅವನ ಕೈಗೇ ಕೊಡುತ್ತಾಳೆ. ಗನ್ ಇಲ್ಲ, ಫೈಟ್ ಇಲ್ಲ, ಕಾರು ಗಾಳಿಯಲ್ಲಿ ಹಾರುವುದಿಲ್ಲ. ಒಂದು ಕುರ್ಚಿ, ಒಂದು ಕಂಪ್ಯೂಟರ್, ಒಂದು ಸೊನ್ನೆ. ಇಷ್ಟರಲ್ಲೇ ನಿಮ್ಮ ಬೆವರಿಳಿಸದಿದ್ದರೆ ನಾನು ಕಥೆ ಹೇಳುವುದನ್ನೇ ಬಿಟ್ಟು ಛತ್ರಿ ರಿಪೇರಿ ಅಂಗಡಿ ಇಡುತ್ತೇನೆ. ನಂಬಿಕೆ ಬಾರದವರು ಪುಟ ತಿರುಗಿಸಿ, ಅಲ್ಲಿ ರಾಶಿ ಭವಿಷ್ಯ ಇದೆ. ಅದೂ ಸುಳ್ಳೇ, ಆದರೆ ಚಿಕ್ಕದು.

‘ಪಾಸ್‌ವರ್ಡ್ ತಪ್ಪು’ ಎಂದು ಪರದೆ ಇನ್ನೊಮ್ಮೆ ಮುಖಕ್ಕೆ ಹೊಡೆದಂತೆ ಹೇಳಿತು.

ಅಕ್ಕ ತಮ್ಮನ ಕುರ್ಚಿಯಲ್ಲಿ ಕೂತು ಉಗುರು ಕಚ್ಚಿದಳು. ಕುರ್ಚಿಯ ಒಂದು ಚಕ್ರ ಮುರಿದಿತ್ತು. ಕೂತವರು ಎಡಕ್ಕೆ ವಾಲಲೇಬೇಕು. ಫೋಟೋಗಳಲ್ಲೆಲ್ಲ ಇವನು ಯಾಕೆ ಎಡಕ್ಕೆ ವಾಲಿರುತ್ತಾನೆ ಎಂದು ಈಗ ಗೊತ್ತಾಯಿತು. ಪತ್ತೇದಾರಿಕೆಯ ಹಣೆಬರಹವೇ ಇಷ್ಟು. ಬೇಕಾದ್ದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಪತ್ತೆಯಾಗುತ್ತದೆ.

ಈ ಲ್ಯಾಬಿನ ಉದ್ದನೆಯ ಉಕ್ಕಿನ ಕೊಳವೆಯ ಮುಚ್ಚಳ ಪರೀಕ್ಷೆಯ ದಿನ ಸಿಡಿದು ವೆಲ್ಡರ್ ಆಸ್ಪತ್ರೆ ಸೇರಿದ್ದ. ‘ಏನೂ ಆಗಲ್ಲ’ ಎಂಬ ಲೆಕ್ಕದ ಕೆಳಗೆ ಹೆಸರಿದ್ದ ತಮ್ಮ ಅವತ್ತಿನಿಂದ ನಾಪತ್ತೆ.

ಊಟದ ಹೊತ್ತು ಮುಗಿದ ಕೂಡಲೇ ಪಕ್ಕದ ಹಾಲ್‌ನಲ್ಲಿ ವಿಚಾರಣಾ ಸಮಿತಿ ಕೂರುತ್ತದೆ. ತಪ್ಪು ತಮ್ಮನದೇ ಎಂದು ಬರೆದು ಪೊಲೀಸರ ಕೈಗಿಡುತ್ತದೆ. ಅಷ್ಟರೊಳಗೆ ಅವನದು ತಪ್ಪಲ್ಲ ಎಂದು ತೋರಿಸಬೇಕು. ಇಲ್ಲವೇ ಅವನನ್ನಾದರೂ ಜೀವಸಹಿತ ಹುಡುಕಬೇಕು. ಎರಡೂ ಆಗಿರಲಿಲ್ಲ. ‘ತಮ್ಮನ ಸಾಮಾನು ತಗೊಂಡು ಹೋಗಿ’ ಎಂದು ಲ್ಯಾಬಿನವರು ಬಿಟ್ಟುಕೊಂಡಿದ್ದರಿಂದ ಒಳಗೆ ಬಂದಿದ್ದಳು. ಕಾಲ ಬಳಿ ರಟ್ಟಿನ ಡಬ್ಬ ಬಾಯಿ ತೆರೆದುಕೊಂಡಿತ್ತು. ಅದರಲ್ಲಿ ಒಂದು ಜೊತೆ ಚಪ್ಪಲಿ, ತೊಳೆಯದ ಊಟದ ಡಬ್ಬಿ, ಮೆತ್ತಗಾದ ಬಿಸ್ಕತ್ತು.

ಮಾಯವಾಗುವ ಮುಂಚೆ ತಮ್ಮ ಫೋನಿನಲ್ಲಿ ಹೇಳಿದ್ದು ಒಂದೇ ಮಾತು. “ಅಕ್ಕಾ, ಅಂಟು ನಾನು ಹಾಕಿಲ್ಲ.” ಆಮೇಲೆ ಸ್ವಿಚ್ ಆಫ್.

ಅಂಟು. ನಮ್ಮ ಅಕ್ಕ ಕಳುವಾದ ಸ್ಕೂಟರ್ ಹುಡುಕುವುದರಲ್ಲಿ, ಮದುವೆಗೆ ಮುಂಚೆ ಗಂಡಿನ ಬಣ್ಣ ಬಯಲು ಮಾಡುವುದರಲ್ಲಿ ಎತ್ತಿದ ಕೈ. ಅಂಟು ಎಂದದ್ದೇ ತಡ, ಬಿರುಕು ಬಿಟ್ಟ ಮುಚ್ಚಳಕ್ಕೆ ಯಾರೋ ಗೋಂದು ಬಳಿದಿದ್ದಾರೆ ಎಂದು ತೀರ್ಮಾನಿಸಿಬಿಟ್ಟಳು. ಇದ್ದಬದ್ದ ಹಾರ್ಡ್‌ವೇರ್ ಅಂಗಡಿಗಳನ್ನೆಲ್ಲ ಸುತ್ತಿ, ಟ್ಯೂಬು ಟ್ಯೂಬು ಮೂಸಿ, ತಲೆ ತಿರುಗಿಸಿಕೊಂಡಳು. ಅಂಗೈಗೆ ಅಂಗೈ ಅಂಟಿಕೊಂಡು ಕೈ ಮುಗಿದ ಹಾಗೆಯೇ ಬಸ್ಸಿನಲ್ಲಿ ನಿಂತಿದ್ದಳು. ಕಂಡಕ್ಟರ್ ಪಾಪ, ತಿರುಗಿ ಕೈ ಮುಗಿದ.

ಈಗ ನಗು ಬರುತ್ತಿರಲಿಲ್ಲ.

ಫೋನ್ ನಡುಗಿತು. ಅಮ್ಮ.

“ಸಿಕ್ಕಿದ್ನೇನೇ?”

“ಇಲ್ಲಮ್ಮ.”

“ಊರೋರ ಗಂಡಂದಿರನ್ನೆಲ್ಲ ಹುಡುಕಿ ಕೊಡ್ತೀಯ. ಮನೆ ಹುಡುಗನ್ನ ಹುಡುಕೋಕಾಗಲ್ವಾ ನಿಂಗೆ?”

ಅಕ್ಕ ಕಾಲಿನಿಂದ ಡಬ್ಬವನ್ನು ಹತ್ತಿರಕ್ಕೆ ಎಳೆದುಕೊಂಡಳು. ಅಮ್ಮನೇ ಮುಂದುವರಿಸಿದಳು. “ಚಿಕ್ಕೋನಿದ್ದಾಗ ನಿನ್ನ ಬಾಲ ಆಗಿದ್ದ ಕಣೇ. ನೀನು ಬಚ್ಚಲಿಗೆ ಹೋದ್ರೂ ಬಾಗಿಲಾಚೆ ನಿಂತಿರೋನು. ಅದಕ್ಕೇ ತಾನೆ ಬಾಲ ಅಂತ ಹೆಸರಾಗಿದ್ದು. ನೀನೇ ಬೈದು ಬೈದು ಅಟ್ಟಿಬಿಡ್ತಿದ್ದೆ.”

ಅಕ್ಕ ನೆಟ್ಟಗೆ ಕೂತಳು. ಕುರ್ಚಿ ವಾಲಿತು. “ಅಮ್ಮಾ, ಏನಂತ ಬೈತಿದ್ದೆ ನಾನು?”

“ಇನ್ನೇನಂತ. ಬಾಲ ಬಿಚ್ಚಬೇಡ ಅಂತ.”

ಅಕ್ಕ ಫೋನಿಟ್ಟು, ಜಾಗ ಬಿಡದೆ ಒತ್ತಿದಳು. ಬಾಲಬಿಚ್ಚಬೇಡ.

ಪರದೆ ತೆರೆದುಕೊಂಡಿತು.

ಒಳಗೆ ಒಂದೇ ಫೈಲು, ಅದರಲ್ಲಿ ಒಂದಷ್ಟು ಗ್ರಾಫುಗಳು. ಅರ್ಥವಾಗದ ಸಾಲುಗಳ ಕಾಡಿನ ನಡುವೆ ಅರ್ಥವಾದ ಒಂದು ಸಾಲು: ಅಂಟು = 0. ಲ್ಯಾಬಿನವರು ಸಮಿತಿಗೆ ಕೊಟ್ಟ ವರದಿಯ ಪ್ರತಿ, ಇವಳು ಬಿಡಿಸಿಯೂ ನೋಡದ್ದು, ಅವಳ ಬ್ಯಾಗಿನಲ್ಲೇ ಇತ್ತು. ತೆಗೆದು ನೋಡಿದಳು. ಅದರಲ್ಲಿ ಅದೇ ಸಾಲು, ಅದೇ ಜಾಗ: ಅಂಟು = 2. ಪರದೆಯ ತಳದಲ್ಲಿ ಸಣ್ಣಕ್ಷರ: ಕೊನೆಯ ಬದಲಾವಣೆ, ಪರೀಕ್ಷೆಗೆ ಮುಂಚಿನ ವಾರ. ಬದಲಿಸಿದವರು, ಬಾಲ.

ಅಂದರೆ ಪರೀಕ್ಷೆಗೆ ಮುಂಚೆ ಹುಡುಗ ಸೊನ್ನೆ ಇಟ್ಟಿದ್ದ. ಎರಡು ಮಾಡಿದ್ದು ಇನ್ಯಾರೋ.

ನೀರು ಕುಡಿಯಲು ಬಾಗಿಲು ತೆರೆದಳು. ಹೊರಗಿನ ಬೆಂಚಿನಲ್ಲಿ ವೆಲ್ಡರನ ಹೆಂಡತಿ ಕೂತಿದ್ದಳು. ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲ, ಅದರಲ್ಲಿ ಗಂಡನ ಒಗೆದ ಶರ್ಟು, ಒಂದು ಫ್ಲಾಸ್ಕ್.

“ನಿಮ್ಮ ತಮ್ಮ ಸಿಕ್ಕಿದ್ರಾ ಮೇಡಂ?”

“ಇಲ್ಲ.”

“ಸಿಕ್ರೆ ಒಂದು ಮಾತು ಕೇಳ್ಬೇಕಿತ್ತು. ಮುಚ್ಚಳದ ಹತ್ರ ನಿಂತ್ಕೋಬಹುದಾ ಅಂತ ನಮ್ಮೋರು ಕೇಳಿದ್ರಂತೆ. ನಿಂತ್ಕೋಬಹುದು ಅಂತ ಯಾರು ಹೇಳಿದ್ದು? ಅಷ್ಟೇ. ಬೈಯಲ್ಲ ನಾನು.”

ಅಕ್ಕ ನೀರು ಕುಡಿಯದೆ ಒಳಗೆ ಬಂದಳು. ಬೆನ್ನ ಹಿಂದೆಯೇ ನುಣುಪು ಬಂದರು.

ತಮ್ಮನಿಗೆ ಕೆಲಸ ಕಲಿಸಿದ ಮೇಷ್ಟ್ರು ಇವರು. ಹುಡುಗರು ಇಟ್ಟ ಹೆಸರು ನುಣುಪು. ಇವರ ಗ್ರಾಫಿನಲ್ಲಿ ಯಾವತ್ತೂ ಒಂದು ಸುಕ್ಕಿರುವುದಿಲ್ಲ. ಕೆನ್ನೆಯೂ ಹಾಗೆಯೇ, ಇಸ್ತ್ರಿಯೂ ಹಾಗೆಯೇ. ಇಷ್ಟು ವರ್ಷದಲ್ಲಿ ಇವರ ಜೊತೆ ಜಗಳ ಆಡಿದವರು ಒಬ್ಬರೂ ಇಲ್ಲ. ಹಿಡಿಯೋಣವೆಂದರೆ ಜಾರುತ್ತಾರೆ. ಘರ್ಷಣೆಯೇ ಇಲ್ಲದ ಮನುಷ್ಯ.

“ಸಾಮಾನು ಕಟ್ಟಿದ್ದಾಯ್ತಾ ತಾಯಿ?”

“ಆಗ್ತಾ ಇದೆ ಸಾರ್. ಒಂದು ಡೌಟು. ಲೆಕ್ಕ ನನ್ನ ತಲೆಗೆ ಹತ್ತಲ್ಲ. ಆ ಕೊಳವೇಲಿ ಆಗಿದ್ದಾದ್ರೂ ಏನು?”

ಮೇಷ್ಟ್ರಿಗೆ ಡೌಟು ಕೇಳುವುದೆಂದರೆ ಮೀನಿಗೆ ಎರೆಹುಳ ತೋರಿಸಿದ ಹಾಗೆ. ನುಣುಪು ಇನ್ನೊಂದು ಕುರ್ಚಿ ಎಳೆದು ಕೂತರು.

“ವಾಲ್ವ್ ತಟ್ಟಂತ ತೆಗೆದ್ರೆ ಗಾಳಿ ಒಳಗೆ ನುಗ್ಗುತ್ತೆ. ಅಲೆ ಹೊರಡುತ್ತೆ. ಮೊದ್ಲು ಅದು ಇಳಿಜಾರಿನ ಹಾಗೆ ಇರುತ್ತೆ. ಆದ್ರೆ ಒತ್ತಡ ಜಾಸ್ತಿ ಇರೋದು ಹಿಂದುಗಡೆ. ಹಿಂದಿಂದು ಜೋರಾಗಿ ಓಡುತ್ತೆ, ಮುಂದಿಂದು ನಿಧಾನ.”

“ಬಾಲ ಬಂದು ತಲೆಗೆ ಗುದ್ದುತ್ತೆ.”

“ಕರೆಕ್ಟ್. ಘರ್ಷಣೆ ಇಲ್ಲ ಅಂತ ಇಟ್ಕೊಂಡೇ ನಾವು ಲೆಕ್ಕ ಮಾಡೋದು. ತಡೆಯೋರು ಯಾರೂ ಇಲ್ಲ. ಇಳಿಜಾರು ಕಡಿದಾಗ್ತಾ ಆಗ್ತಾ ಗೋಡೆ ಥರ ಎದ್ದು ನಿಲ್ಲುತ್ತೆ. ಅದೇ ಶಾಕ್. ಮುಚ್ಚಳಕ್ಕೆ ಇಳಿಜಾರು ತಾಗಿದ್ರೆ ತಳ್ಳಿದ ಹಾಗೆ. ಗೋಡೆ ತಾಗಿದ್ರೆ ಸುತ್ತಿಗೆ ಏಟು.”

“ಗೋಡೆ ಆಗೋಷ್ಟು ಉದ್ದ ಇರ್ಲಿಲ್ವಾ ಈ ಕೊಳವೆ?”

“ನಿಮ್ಮ ತಮ್ಮನ ಲೆಕ್ಕದಲ್ಲಿ ಇರ್ಲಿಲ್ಲ. ಕೊನೇವರೆಗೂ ಇಳಿಜಾರೇ ತೋರಿಸ್ತು. ಪಾಪ, ಹುಡುಗ. ಅನುಭವ ಸಾಲದು.”

“ಹೌದಲ್ವಾ,” ಎಂದು ಅಕ್ಕ ಪರದೆಯನ್ನು ಅವರ ಕಡೆ ತಿರುಗಿಸಿದಳು. “ಹಾಗಿದ್ರೆ ಇದ್ಯಾರ ಲೆಕ್ಕ ಸಾರ್?”

ಪರದೆಯ ಮೇಲೆ ಬಾಲನ ಗ್ರಾಫು. ಗೀಟು ನೆಟ್ಟಗೆ ಬಂದು ಕೊಳವೆಯ ನಡುವಿನಲ್ಲೇ ಗೋಡೆಯಂತೆ ಎದ್ದಿತ್ತು. ಗೋಡೆಯ ಬೆನ್ನಿಗೆ ಗರಗಸದ ಹಾಗೆ ಪುಟ್ಟ ಪುಟ್ಟ ಹಲ್ಲುಗಳು.

ನುಣುಪು ಕನ್ನಡಕ ಹಣೆಗೇರಿಸಿದರು. ಇಳಿಸಿದರು. “ಇದು ಎಲ್ಲಿ ಸಿಕ್ತು?”

“ಅಂಟು ಸೊನ್ನೆ ಇದ್ದ ಜಾಗದಲ್ಲಿ.”

ಕೆನ್ನೆಯ ನುಣುಪಿನ ಮೇಲೆ ಮೊದಲ ಸುಕ್ಕು ಬಿತ್ತು.

“ಅದು ಹಲ್ಲು ತಾಯಿ. ಕಂಪ್ಯೂಟರು ಕೊಳವೇನ ಸಣ್ಣ ಸಣ್ಣ ಮನೆ ಮಾಡಿ ಒಂದೊಂದೇ ಮನೆ ಲೆಕ್ಕ ಹಾಕುತ್ತೆ. ಹಲ್ಲು ಬಂತು ಅಂದ್ರೆ ಪ್ರೋಗ್ರಾಂ ತೊದಲ್ತಿದೆ ಅಂತ. ಅದಕ್ಕೆ ಒಂಚೂರು ಅಂಟು ಹಾಕ್ತೀವಿ. ನಿಜವಾದ ಗಾಳೀಲಿ ಇಲ್ಲದ ಅಂಟು, ಬರೀ ಲೆಕ್ಕಕ್ಕೆ. ಎಲ್ಲರೂ ಹಾಕ್ತಾರೆ. ಊಟಕ್ಕೆ ಉಪ್ಪಿದ್ದ ಹಾಗೆ.”

“ಉಪ್ಪು ಎಷ್ಟು ಹಾಕಿದ್ರಿ ಸಾರ್?”

ನುಣುಪು ತೋಳಿನ ಇಸ್ತ್ರಿ ನೀವಿಕೊಂಡರು.

“ನೀವು ಹೇಳಲ್ಲ ಅಂದ್ರೆ ಬೇಡ. ಬಾಲ ಎರಡನ್ನೂ ಮಾಡಿ ಇಲ್ಲೇ ಪಕ್ಕದಲ್ಲಿ ಇಟ್ಟಿದಾನೆ, ನನ್ನಂಥೋಳಿಗೂ ತಿಳಿಯೋ ಹಾಗೆ. ನಿಮ್ಮ ಅಂಟು ಹಾಕಿ, ಮನೆಗಳನ್ನ ಅರ್ಧ ಅಳತೆಗೆ ಇಳಿಸಿದ. ಇಳಿಜಾರಿನ ಅಗಲಾನೂ ಅರ್ಧ ಆಯ್ತು. ಮತ್ತೆ ಇಳಿಸಿದ, ಮತ್ತೆ ಅರ್ಧ. ನಿಜವಾದ ಇಳಿಜಾರಾಗಿದ್ರೆ ಮನೆ ಸಣ್ಣದಾದ್ರೇನು, ದೊಡ್ಡದಾದ್ರೇನು, ತನ್ನ ಪಾಡಿಗೆ ತಾನು ಇರ್ತಿತ್ತು. ಅದು ಇಳಿಜಾರೇ ಅಲ್ಲ ಸಾರ್. ಗೋಡೆಗೆ ಗೋಂದು ಮೆತ್ತಿ ಇಳಿಜಾರು ಅಂದಿದೀರಿ.”

ನುಣುಪಿನ ಮಾತಿನಲ್ಲಿ ಈಗ ಹೊಳಪಿರಲಿಲ್ಲ.

“ಎಷ್ಟು ವರ್ಷದಿಂದ ಹಲ್ಲು ಒರೆಸಿದೀನಿ ಗೊತ್ತಾ? ಪ್ರತಿ ಹುಡುಗನ ಮೊದಲನೇ ಪ್ರೋಗ್ರಾಂನಲ್ಲೂ ಹಲ್ಲು ಬರುತ್ತೆ. ಮಗು ಮೂಗು ಒರೆಸಿದ ಹಾಗೆ ಒರೆಸಿದೆ. ಯೋಚನೆನೇ ಮಾಡ್ಲಿಲ್ಲ. ಕೈ ತಾನಾಗೇ ಹೋಯ್ತು.”

“ಗೋಡೆ ಕಂಡು ತೊದಲ್ತಿದೆ ಅಂತ ಅನ್ನಿಸ್ಲಿಲ್ವಾ? ಮಗು ದೆವ್ವ ನೋಡಿ ತೊದಲಿದ್ರೆ, ನೀವು ಬಾಯಿಗೆ ಬಟ್ಟೆ ತುರುಕಿದ್ರಿ.”

“ಬೇಡ ಸಾರ್ ಅಂದ. ಎರಡು ಸಲ ಅಂದ. ಸುಮ್ನಿರೋ, ನೋಡೋಕೆ ಅಸಹ್ಯವಾಗಿದೆ ಅಂದೆ.”

“ಮುಚ್ಚಳದ ಹತ್ರ ನಿಂತ್ಕೋಬಹುದು ಅಂತ ವೆಲ್ಡರಿಗೆ ಹೇಳಿದ್ದು?”

ನುಣುಪು ತಲೆ ತಗ್ಗಿಸಿದರು. ಅದೇ ಉತ್ತರ.

ಅಕ್ಕ ಎದ್ದಳು. ಕುರ್ಚಿಯನ್ನು ಹಿಂದಕ್ಕೆ ಒದ್ದಳು. ಮೂರು ಚಕ್ರದ ಮೇಲೆ ಅದು ಗಿರಗಿರ ತಿರುಗಿತು. ಪೆನ್ ಡ್ರೈವ್ ಸಿಕ್ಕಿಸಿ ಫೈಲು ಇಳಿಸಿಕೊಂಡಳು. ಕಿಟಕಿಯಿಂದ ಬಂದ ಗಾಳಿಗೆ ಕೂದಲು ಸರಿಯಾಗಿ ಯಾವ ಕಡೆ ಹಾರಬೇಕೋ ಆ ಕಡೆಯೇ ಹಾರಿತು. “ಸಾರ್, ಲೆಕ್ಕದಲ್ಲಿ ಘರ್ಷಣೆ ತೆಗೆದುಹಾಕ್ಬಹುದು. ಲೈಫಲ್ಲಿ ಆಗಲ್ಲ. ಯಾಕಂದ್ರೆ ನಿಮ್ಮ ಲೈಫಿಗೆ ಇವತ್ತಿಂದ ಘರ್ಷಣೆನೇ ನಾನು.” ಬಾಗಿಲು ಎರಡೂ ಕಡೆಗೆ ದಬಾರನೆ ತೆರೆದುಕೊಂಡಿತು. ಹಾಲ್‌ನಲ್ಲಿ ಸಮಿತಿಯವರು ಒಬ್ಬೊಬ್ಬರಾಗಿ ಎದ್ದು ನಿಂತರು.

ಹೀಗೆ ಮುಗಿಸಬೇಕೆಂದು ನನಗೂ ಆಸೆಯಿತ್ತು. ಆದರೆ ಅಲ್ಲಿ ಎರಡು ಬಾಗಿಲಿರಲಿಲ್ಲ, ಇದ್ದದ್ದು ಒಂದೇ. ಕಿಟಕಿ ಮುಚ್ಚಿತ್ತು. ಪೆನ್ ಡ್ರೈವ್ ಬ್ಯಾಗಿನಿಂದ ಹೊರಗೆ ಬರಲೇ ಇಲ್ಲ. ಅಕ್ಕ ಆ ಡೈಲಾಗ್ ಹೊಡೆಯಲಿಲ್ಲ, ಅದು ನನ್ನದು. ಛತ್ರಿ ಅಂಗಡಿಗೆ ಜಾಗ ನೋಡಿಕೊಳ್ಳಬೇಕಾದೀತು. ನುಣುಪು ತಲೆ ತಗ್ಗಿಸಿದ್ದರಲ್ಲ, ಅಲ್ಲಿಂದ ಮುಂದೆ ನಿಜವಾಗಿ ಆದದ್ದು ಇಷ್ಟು.

ತಲೆ ತಗ್ಗಿಸಿದ ನುಣುಪು ಹಾಗೆಯೇ ಪಕ್ಕದ ಮೇಜಿನ ಡ್ರಾಯರ್ ಎಳೆದರು. ಒಂದು ಕನ್ನಡಕ ತೆಗೆದು ಅಕ್ಕನ ಮುಂದಿಟ್ಟರು. ದಪ್ಪ ಗಾಜು, ಒಂದು ಕಡ್ಡಿಗೆ ಸುತ್ತಿದ ಕಪ್ಪು ಟೇಪು. ಆ ಟೇಪು ಸುತ್ತಿಕೊಟ್ಟದ್ದು ಅಕ್ಕನೇ.

“ನಮ್ಮ ಮನೇಲಿದಾನೆ,” ಎಂದರು.

ಅಕ್ಕ ತನ್ನ ಫೋನನ್ನು ಅವರ ಮುಂದೆ ಚಾಚಿದಳು. “ಮಾತಾಡಿಸಿ. ಈಗ್ಲೇ ಫೋನ್ ಮಾಡಿ ಕೊಡಿ.”

“ಯಾರ ಜೊತೆನೂ ಮಾತಾಡಲ್ಲ ಅಂತಾನೆ. ಊಟ ಬಿಟ್ಟಿದಾನೆ. ಕನ್ನಡಕ ಕೊಟ್ರೆ ಕೆಳಗಡೆ ನೋಡ್ತಾ ಕಿಟಕಿ ಹತ್ರಾನೇ ನಿಂತಿರ್ತಾನೆ, ಅದಕ್ಕೇ ತೆಗೆದಿಟ್ಕೊಂಡೆ. ನಮ್ಮದು ಮೇಲಿನ ಮಹಡಿ ತಾಯಿ. ಪೊಲೀಸ್ ಅಂದ ಕೂಡ್ಲೇ ಅವನ ಮುಖ ನೋಡೋಕಾಗಲ್ಲ.”

ಅಕ್ಕನ ಕಣ್ಣ ಮುಂದೆ ಕಿಟಕಿಯೊಂದೇ ಇತ್ತು.

“ನಾನು ಕೆಟ್ಟೋನಲ್ಲ,” ನುಣುಪಿನ ದನಿ ಬೇಡುತ್ತಿತ್ತು. “ಪ್ರೋಗ್ರಾಂನ ದೋಷ ಅಂತ ಬರೆಸ್ತೀನಿ. ಯಾರ ಹೆಸರೂ ಬರಲ್ಲ. ಸಂಜೆ ಒಳಗೆ ಹುಡುಗನ್ನ ನಿಮ್ಮನೆ ಬಾಗಿಲಿಗೆ ಬಿಡ್ತೀನಿ. ಆದ್ರೆ ಈ ಫೈಲು ಹೊರಗೆ ಬಂದ್ರೆ ಅಂಟು ಯಾರು ಹಾಕಿದ್ದು ಅಂತ ಕೇಳ್ತಾರೆ. ಆಗ ನಾನೂ ಬಾಯಿ ಬಿಡ್ಬೇಕಾಗುತ್ತೆ. ಇಬ್ರೂ ಕೂತು ಒಪ್ಪಿ ಹಾಕಿದ್ವಿ ಅಂತೀನಿ. ಅಷ್ಟರೊಳಗೆ ಅವನು ಕಿಟಕಿ ಹತ್ರ ಏನು ಮಾಡ್ಕೋತಾನೋ.”

“ನಾನೇನು ಮಾಡ್ಬೇಕು?”

“ಅಳಿಸೋದು ಬೇಡ. ಅಳಿಸಿದ್ರೆ ಅನುಮಾನ. ಸೊನ್ನೆ ತೆಗೆದು ಎರಡು ಹಾಕಿ, ಸಾಕು. ಈ ಬೀಗದ ಕೈ ನಿಮ್ಮ ಹತ್ರ ಮಾತ್ರ ಇರೋದು.”

ಗಾಜಿನ ಕಿಂಡಿಯಾಚೆ ವೆಲ್ಡರನ ಹೆಂಡತಿ ಫ್ಲಾಸ್ಕಿನ ಮುಚ್ಚಳ ತಿರುಗಿಸುವುದು, ಮತ್ತೆ ಬಿಗಿಯುವುದು ಕಾಣುತ್ತಿತ್ತು. ಅಕ್ಕ ಆ ಕಡೆಯಿಂದ ಮುಖ ತಿರುಗಿಸಿಕೊಂಡಳು.

ಕನ್ನಡಕ ಎತ್ತಿಕೊಂಡಳು. ಗಾಜಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಹುಡುಗನಿಗೆ ಕಣ್ಣು ಸರಿಯಾಗಿ ಕಾಣಬೇಕಲ್ಲ ಎಂದು ಬಾಯಿಂದ ಹಬೆ ಊದಿ, ತೋಳಿನ ಅಂಚಿನಿಂದ ಎರಡೂ ಬದಿ ಒರೆಸಿದಳು. ಚಿಕ್ಕಂದಿನಿಂದ ಹಾಗೆಯೇ ಒರೆಸಿಕೊಡುತ್ತಿದ್ದಳು. ಡಬ್ಬದೊಳಗೆ ಚಪ್ಪಲಿಯ ಪಕ್ಕ ಜೋಪಾನವಾಗಿ ಇಟ್ಟಳು.

ಆಮೇಲೆ ಸೊನ್ನೆ ಅಳಿಸಿ ಎರಡು ಒತ್ತಿದಳು. ಗ್ರಾಫಿನ ಗೋಡೆ ಕರಗಿ ಇಳಿಜಾರಾಯಿತು. ‘ಉಳಿಸಬೇಕೇ?’ ಎಂದು ಪರದೆ ಕೇಳಿತು. ಹೌದು ಎಂದಳು.

ನುಣುಪು ಎದ್ದು ಇಸ್ತ್ರಿ ಸರಿ ಮಾಡಿಕೊಂಡು ಹಾಲ್ ಕಡೆ ನಡೆದರು. ಹೋಗುವಾಗ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡರು.

ಫೋನ್ ನಡುಗಿತು. ಗೊತ್ತಿಲ್ಲದ ನಂಬರ್.

“ಅಕ್ಕಾ, ನಾನು ಕಣೇ, ಬಾಲ.”

ಅಕ್ಕ ಫೋನನ್ನು ಕಿವಿಗೆ ಒತ್ತಿಕೊಂಡಳು. “ಊಟ ಮಾಡಿದ್ಯೇನೋ? ಕಿಟಕಿ ಹತ್ರ ಹೋಗ್ಬೇಡ. ಸಾರ್ ಎಲ್ಲ ಹೇಳಿದ್ರು, ಸಂಜೆಗೆ ಕರ್ಕೊಂಡು ಬರ್ತಾರೆ.”

“ಯಾವ ಸಾರ್, ಯಾವ ಕಿಟಕಿ? ನಾನು ಆಸ್ಪತ್ರೆಯಿಂದ ಬಸ್ಸಲ್ಲಿ ಬರ್ತಾ ಇದೀನಿ. ಪಕ್ಕದೋರ ಫೋನು ಇದು. ಇಷ್ಟು ದಿನ ಅಲ್ಲೇ ಹಿಂದಿನ ಗೇಟ್ ಹತ್ರ ಬಿದ್ದಿದ್ದೆ. ವೆಲ್ಡರಣ್ಣನ ಮುಖ ನೋಡೋ ಧೈರ್ಯ ಬರ್ಲಿಲ್ಲ. ವಾಪಸ್ ಬರೋ ಧೈರ್ಯಾನೂ ಬರ್ಲಿಲ್ಲ. ಕನ್ನಡಕ ಬೇರೆ ಅವತ್ತೇ ಲ್ಯಾಬಲ್ಲಿ ಬಿಟ್ಟೋಗಿದೀನಿ. ಎರಡು ಸಲ ಬೇರೆ ಬಸ್ ಹತ್ತಿಬಿಟ್ಟೆ.”

ಅಕ್ಕ ಡಬ್ಬದೊಳಗೆ ನೋಡಿದಳು. ಗಾಜು ಫಳಫಳ ಹೊಳೆಯುತ್ತಿತ್ತು.

ಧೂಳು. ನಿನ್ನೆ ಮೊನ್ನೆ ಮುಖದ ಮೇಲಿದ್ದ ಕನ್ನಡಕಕ್ಕೆ ಅಷ್ಟು ಧೂಳು ಎಲ್ಲಿಂದ ಕೂರಬೇಕು? ಡ್ರಾಯರಿನಲ್ಲಿ ಬಿದ್ದಿದ್ದ ವಸ್ತುವಿಗೆ ಮಾತ್ರ ಕೂರುತ್ತದೆ. ಸ್ಕೂಟರ್ ಸೀಟಿನ ಧೂಳು ನೋಡಿ ಕಳ್ಳ ಅದನ್ನು ಯಾವತ್ತು ಬಿಟ್ಟುಹೋದ ಎಂದು ಹೇಳುವವಳು ಇವಳು. ಸುಳ್ಳನ್ನು ಹಿಡಿದುಕೊಡುವ ಗುರುತು ಅಂಗೈಯಲ್ಲೇ ಇತ್ತು. ಅವರು ಹಲ್ಲು ಒರೆಸಿದ್ದರು, ಇವಳು ಧೂಳು ಒರೆಸಿದಳು. ಯೋಚನೆಯನ್ನೇ ಮಾಡಲಿಲ್ಲ. ಕೈ ತಾನಾಗೇ ಹೋಗಿತ್ತು.

“ಅಕ್ಕಾ, ಕೇಳಿಸ್ತಿದ್ಯಾ? ಓಡಿದ್ದು ಸಾಕು ಅನ್ನಿಸ್ತು. ಸಮಿತಿಯೋರಿಗೆ ಈಗಷ್ಟೇ ಫೋನ್ ಮಾಡಿದೆ, ನೀನು ಅಲ್ಲೇ ಇದೀಯ ಅಂದ್ರು. ನನ್ನ ಫೈಲು ಎಲ್ಲರ ಮುಂದೆ ತೆಗೀರಿ, ತಾರೀಕು ನೋಡಿ, ಅದರಲ್ಲಿ ಅಂಟು ಎಷ್ಟಿದೆ ನೋಡಿ ಅಂದೆ. ಸೊನ್ನೆ ಇದೆ ಅಕ್ಕಾ. ನಾನಿಟ್ಟ ಸೊನ್ನೆ. ಇರೋದು ಅದೊಂದೇ ಪ್ರತಿ. ಅದಿದ್ರೆ ಸಾಕು ನಂಗೆ.”

ಅಕ್ಕ ಪರದೆ ನೋಡಿದಳು. ತಳದ ಸಣ್ಣಕ್ಷರ ಬದಲಾಗಿತ್ತು. ಕೊನೆಯ ಬದಲಾವಣೆ, ಇವತ್ತು. ಬದಲಿಸಿದವರು, ಬಾಲ.

ಎರಡು ಅಳಿಸಿ ಸೊನ್ನೆ ಒತ್ತಲು ಬೆರಳು ಎತ್ತಿದಳು. ಅಲ್ಲೇ ನಿಂತಿತು. ಇವತ್ತು ಇಟ್ಟ ಸೊನ್ನೆಗೆ ಸೊನ್ನೆಯಷ್ಟೇ ಬೆಲೆ.

“ಬಾಲಾ,” ಎಂದಳು.

“ಸ್ಟಾಪ್ ಬಂತು, ಇಳೀತೀನಿ. ನೀನು ಅಲ್ಲೇ ಇರು ಅಕ್ಕಾ. ನಿನ್ನ ಬೆನ್ನಿಗೇ ಬಂದೆ.”

ಬಾಗಿಲು ತೆರೆಯಿತು. ಸಮಿತಿಯ ಇಬ್ಬರು ನಿಂತಿದ್ದರು. “ಕಂಪ್ಯೂಟರಿಂದ ಕೈ ತೆಗೀರಿ ಮೇಡಂ. ಯಾರೂ ಮುಟ್ಟೋ ಹಾಗಿಲ್ಲ.” ಅವರ ಹೆಗಲ ಹಿಂದೆ ವೆಲ್ಡರನ ಹೆಂಡತಿ ಚೀಲ ಎದೆಗವಚಿಕೊಂಡು ಇಣುಕಿದಳು. ಇಷ್ಟು ದಿನದಲ್ಲಿ ಅವಳ ಮುಖ ಅರಳಿದ್ದು ಅದೇ ಮೊದಲು.

“ನಿಮ್ಮ ತಮ್ಮ ಬರ್ತಿದಾರಂತೆ ಮೇಡಂ. ಯಾರು ಹೇಳಿದ್ದು ಅಂತ ಈಗ ಗೊತ್ತಾಗುತ್ತೆ ಅಲ್ವಾ?”